ನೀಲಿ ದಾರ ಸುತ್ತಿದ ಬ್ರೋಚ್

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಇಸ್ತ್ರಿ ಹಾಕಿದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದೀಗ ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಬೀದಿಗೆಲ್ಲ ಆಕೆ ಪಿನ್ನಮ್ಮ. ಹಿಂದಿನ ಕಾಲದ ಹೆಂಗಸರು ಕೋಟಿಗೋ ಶಾಲಿಗೋ ಸಿಕ್ಕಿಸಿಕೊಳ್ಳುತ್ತಿದ್ದ ಗಾಜಿನ ಕಲ್ಲಿನ ಬ್ರೋಚುಗಳನ್ನು ಕೂಡಿಹಾಕುವ ಹುಚ್ಚು ಆಕೆಗೆ. ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ, ಅಡವಿಟ್ಟರೆ ಒಂದು ಹೊತ್ತಿನ ಊಟವೂ ಹುಟ್ಟದು. ಆದರೂ ರಜೆ ಬಂತೆಂದರೆ ಹಳೆ ಸಾಮಾನಿನ ಸಂತೆಯಲ್ಲಿ ಹಾಜರ್.

"ಹಾಕ್ಕೊಳ್ಳಲ್ಲ, ಮಾರಲ್ಲ. ಇಟ್ಕೊಂಡ್ರೆ ಮೊಟ್ಟೆ ಇಡುತ್ತಾ ಇವು?" ಎಂದು ಗಂಡ ಬದುಕಿರುವವರೆಗೂ ಕಿಚಾಯಿಸಿದ. ಆತ ಹೋದ ಮೇಲೆ ಬಿಸ್ಕತ್ತಿನ ಡಬ್ಬಿಗಳು ಎರಡಿದ್ದದ್ದು ಐದಾದವು.

ಒಂದು ಮಾತು ಹೇಳಲೇಬೇಕು. ಗಿರಾಕಿಗಳ ಕೋಟಿನಲ್ಲಿ ಮರೆತುಹೋದ ಬ್ರೋಚುಗಳು ಎಷ್ಟೋ ಆಕೆಯ ಕೈಗೆ ಸಿಕ್ಕಿದ್ದವು. ಬಿಚ್ಚಿ, ಕಾಗದದ ಕವರಿಗೆ ಹಾಕಿ, ಬಿಲ್ಲಿಗೆ ಚುಚ್ಚಿಡುವಳು. ಮಂದಿಯದು ಮಂದಿಗೆ. ಡಬ್ಬಿಯಲ್ಲಿದ್ದದ್ದೆಲ್ಲ ಸ್ವಂತ ದುಡ್ಡಿನದು.

ಸೊಸೆ ಬಂದ ಹೊಸತರಲ್ಲಿ ಅವಳನ್ನು ಕೂರಿಸಿಕೊಂಡು ಪಿನ್ನಮ್ಮ ಬ್ರೋಚಿನ ಪಾಠ ಹೇಳಿದ್ದಳು. "ಮುಖ ನೋಡಿ ಮರುಳಾಗ್ಬೇಡ, ಬೆನ್ನು ನೋಡು. ಅದು ಪಟ್ಟ ಪಾಡೆಲ್ಲ ಬೆನ್ನಲ್ಲಿರುತ್ತೆ. ಇನ್ನೊಂದು, ಹಳೇ ಬ್ರೋಚಿಗೆ ನೀರು ತೋರಿಸ್ಬೇಡ. ಕಲ್ಲಿನ ಹಿಂದೆ ತೆಳು ಬೆಳ್ಳಿ ರೇಕು ಇರುತ್ತೆ, ಅದಕ್ಕೆ ನೀರು ಹೋದ್ರೆ ಕಲ್ಲು ಕಪ್ಪಾಗಿ ಸತ್ತೇ ಹೋಗುತ್ತೆ."

ಸೊಸೆಯ ಹತ್ತಿರವೂ ಒಂದಿತ್ತು. ಐದು ನೀಲಿ ಕಲ್ಲಿನ ಹೂವು, ತೀರಿಹೋದ ಅವಳ ತಾಯಿಯದು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಮ್ಮನ ಮದುವೆ ಗೊತ್ತಾದಾಗ ಅದನ್ನು ತಾನೇ ತಂದು ಅತ್ತೆಯ ಕೈಗಿಟ್ಟಳು. "ಭಾನುವಾರ ಅಮ್ಮನ ಜಾಗದಲ್ಲಿ ನಾನೇ ನಿಲ್ಬೇಕು, ಅತ್ತೆ. ಇದನ್ನ ಹಾಕ್ಕೊಂಡು ನಿಲ್ತೀನಿ. ಸ್ವಲ್ಪ ಹೊಳಪು ಬರಿಸಿ ಕೊಡ್ತೀರಾ?"

ಪಿನ್ನಮ್ಮ ಹಿರಿಹಿರಿ ಹಿಗ್ಗಿದಳು. ತಪ್ಪು ಆದದ್ದೇ ಆ ಹಿಗ್ಗಿನಲ್ಲಿ. ಒಣ ಹತ್ತಿಯಲ್ಲಿ ಒರೆಸಿದರೆ ಸಂದಿಯ ಜಿಡ್ಡು ಬಿಡಲೊಲ್ಲದು. ಒಂದು ಗಳಿಗೆ ಸೋಪಿನ ನೀರಿಗೆ ಅದ್ದಿದರೆ ಏನು ಮಹಾ, ಅಂದುಕೊಂಡಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ಮಾತಿಗೆ ನಿಂತಳು. ವಾಪಸು ಬಂದು ಬಟ್ಟಲಿನಿಂದ ಎತ್ತಿ ನೋಡಿದರೆ ಐದರಲ್ಲಿ ಮೂರು ಕಲ್ಲು ಕಪ್ಪಿಟ್ಟಿದ್ದವು.

ಹೋದ ರೇಕು ಮರಳಿ ಬರುವುದಿಲ್ಲವೆಂದು ಆಕೆಗಿಂತ ಚೆನ್ನಾಗಿ ಬಲ್ಲವರಾರು? ಆಗ ನಾಲ್ಕನೆಯ ಡಬ್ಬಿ ನೆನಪಾಯಿತು. ಅದೇ ಅಚ್ಚಿನ, ಅದೇ ಐದು ನೀಲಿ ಕಲ್ಲಿನ ಬ್ರೋಚ್, ಏಳು ವರ್ಷದ ಹಿಂದೆ ಸಂತೆಯಲ್ಲಿ ಕೊಂಡದ್ದು. ಅಕ್ಕಪಕ್ಕ ಇಟ್ಟರೆ ಅವಳಿ ಜವಳಿ. ಸೊಸೆ ಆಫೀಸಿನಿಂದ ಬರಲು ಇನ್ನೂ ಒಂದು ಗಂಟೆಯಿತ್ತು.

ಆದರೆ ಬೆನ್ನು? ಪಿನ್ನು ಜಾರದಿರಲೆಂದು ಸೊಸೆಯ ತಾಯಿ ಅದಕ್ಕೆ ನೀಲಿ ದಾರ ಸುತ್ತಿದ್ದಳು. ಸೊಸೆ ಮೊದಲು ನೋಡುವುದೇ ಅದನ್ನು. ಪಾಠ ಹೇಳಿಕೊಟ್ಟವಳು ತಾನೇ ಅಲ್ಲವೇ! ಪಿನ್ನಮ್ಮ ಮನಸ್ಸು ಕಲ್ಲು ಮಾಡಿಕೊಂಡು ದಾರ ಬಿಚ್ಚತೊಡಗಿದಳು. ಅದನ್ನೇ ಈ ಬ್ರೋಚಿಗೆ ಸುತ್ತಿದರಾಯಿತು, ದೇವರಿಗೂ ಗೊತ್ತಾಗದು.

ನಾಲ್ಕು ಸುತ್ತು ಬಿಚ್ಚಿದ ಮೇಲೆ ದಾರದ ಜೊತೆ ಇನ್ನೇನೋ ಬಂತು. ಕನ್ನಡಕ ಹಾಕಿಕೊಂಡು ನೋಡಿದಳು. ಉದ್ದನೆಯ ಒಂದು ನರೆಗೂದಲು. ಸುತ್ತುವಾಗ ಆ ತಾಯಿಯ ತಲೆಯಿಂದ ಉದುರಿ, ದಾರದೊಳಗೆ ಸಿಕ್ಕಿಕೊಂಡದ್ದು. ಪಿನ್ನಮ್ಮನ ಕೈ ಅಲ್ಲಿಗೇ ನಿಂತಿತು. ಗಿರಾಕಿಗಳ ಕೋಟಿನ ಬ್ರೋಚನ್ನು ಒಂದು ದಿನವೂ ಇಟ್ಟುಕೊಳ್ಳದವಳು ಇದೇನು ಮಾಡಹೊರಟೆ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸೊಸೆ ಬಂದಾಗ ಮೇಜಿನ ಮೇಲೆ ಎರಡೂ ಬ್ರೋಚುಗಳಿದ್ದವು.

"ಇದು ನಿಂದು. ನೀರಿಗೆ ಹಾಕಿ ಕೆಡಿಸ್ಬಿಟ್ಟೆ ಕಣಮ್ಮ. ಇದು ನಂದು. ಬದಲಾಯಿಸಿ ಕೊಟ್ಬಿಡೋಣ ಅಂತಾನೂ ಕೂತಿದ್ದೆ. ಹೊಟ್ಟೆಗೆ ಹಾಕ್ಕೋ ಅಂತ ಕೇಳೋಕೂ ನಂಗೆ ಮುಖ ಇಲ್ಲ."

ಸೊಸೆಯ ಮುಖ ಕೆಂಪೇರಿತು. "ನೀವೇ ಹೇಳಿಕೊಟ್ಟಿದ್ದಲ್ವಾ ಅತ್ತೆ, ನೀರು ತೋರಿಸ್ಬೇಡ ಅಂತ?" ಎಂದವಳು ಬ್ರೋಚನ್ನು ಸರಕ್ಕನೆ ಎತ್ತಿಕೊಂಡು, ಅಭ್ಯಾಸದಂತೆ ಬೆನ್ನು ತಿರುಗಿಸಿದಳು. ಬಿಚ್ಚಿದ ದಾರ, ಅದರಲ್ಲಿ ಜೋತ ಕೂದಲು.

"ಇದು ಇತ್ತಾ ಇದರೊಳಗೆ, ಇಷ್ಟು ದಿನ?" ಎಂದಳು. "ಅಮ್ಮನ ಸೀರೆ, ಬಾಚಣಿಗೆ ಎಲ್ಲ ಹುಡುಕಿದ್ದೆ ಅತ್ತೆ. ಒಂದು ಕೂದಲೂ ಸಿಕ್ಕಿರ್ಲಿಲ್ಲ."

ಪಿನ್ನಮ್ಮ ತನ್ನ ಬ್ರೋಚನ್ನು ಮುಂದಕ್ಕೆ ತಳ್ಳಿದಳು. ಸೊಸೆ ಅದನ್ನು ನೋಡಲೂ ಇಲ್ಲ.

"ದಾರ ಹೆಂಗಿತ್ತೋ ಹಂಗೇ ಸುತ್ತಿ ಕೊಡಿ. ಕೂದಲು ಒಳಗೇ ಇರ್ಲಿ."

ಭಾನುವಾರ ಸೊಸೆ ಮೂರು ಕಲ್ಲು ಕಪ್ಪಾದ ಬ್ರೋಚನ್ನೇ ಸಿಕ್ಕಿಸಿಕೊಂಡು ನಿಂತಳು. "ಹಾಳಾಗಿದೆಯಲ್ಲ, ಬೇರೆ ಇರ್ಲಿಲ್ವಾ?" ಎಂದು ಯಾರೋ ನೆಂಟರು ರಾಗ ಎಳೆದಾಗ ಪಿನ್ನಮ್ಮ ತಲೆ ತಗ್ಗಿಸಿದಳು. ಸೊಸೆ ತಮ್ಮನನ್ನು ಹತ್ತಿರ ಕರೆದು, ಬ್ರೋಚ್ ಬಿಚ್ಚಿ, ಬೆನ್ನು ತೋರಿಸಿ, "ಅಮ್ಮನ ಕೂದಲು ಇದೆ ಕಣೋ, ಈ ದಾರದೊಳಗೆ" ಎಂದಳು. ಮದುಮಗ ಅದರ ಮೇಲೆ ಬೆರಳಿಟ್ಟು, ಅಷ್ಟು ಜನರ ಮುಂದೆ ಅತ್ತುಬಿಟ್ಟ.