ಕೆಂಗೇರಿಯ ಸೀಬೆಮರ

ಮಂಜು ಕವಿದ ಬೆಟ್ಟದ ಕಾಡಿನಲ್ಲಿ ಮರಗಳ ತೊಗಟೆ ಪರೀಕ್ಷಿಸಿ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದೆ. ಎಲೆಗಳು ಮಾಡಿದ ಸಕ್ಕರೆ ತೊಗಟೆಯ ಒಳಪದರದಲ್ಲಿ ಇಳಿದು ಬೇರಿಗೆ ಊಟವಾಗುತ್ತದೆ. ಬಿಗಿದು ಸುತ್ತಿದ ಬಳ್ಳಿಯೊಂದು ಆ ದಾರಿಯನ್ನೇ ಮುಚ್ಚಿದ್ದನ್ನು ಅಲ್ಲಿ ಕಂಡಿದ್ದೆ.

ಕೆಂಗೇರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ರಸ್ತೆಬದಿಯ ಟೀ ಅಂಗಡಿಯ ಅಜ್ಜಿ ತಮ್ಮ ಸೀಬೆಮರ ತೋರಿಸಿದರು. ಎಲೆಗಿಂತ ಹಣ್ಣೇ ಹೆಚ್ಚು.

“ಯಾವ ವರ್ಷಾನೂ ಹಿಂಗೆ ಬಿಟ್ಟಿರ್ಲಿಲ್ಲ ಕಣವ್ವ. ಯಜಮಾನ್ರು ಹೋದ್ಮೇಲೆ ನಂಗೆ ಇದೇ ಜೊತೆ.”

ಬಟ್ಟೆ ಒಣಹಾಕಲು ಕಾಂಡಕ್ಕೆ ಕಟ್ಟಿದ್ದ ತಂತಿ ಸುತ್ತಲೂ ತೊಗಟೆಯನ್ನು ಕೊಯ್ದು ಒಳಗಿಳಿದಿತ್ತು. ಸಕ್ಕರೆಯೆಲ್ಲ ಮೇಲೆಯೇ ಉಳಿದು ಹಣ್ಣುಗಳಲ್ಲಿ ತುಂಬಿತ್ತು; ಬೇರುಗಳು ಉಪವಾಸವಿದ್ದವು.

“ಅಜ್ಜಿ, ಆ ತಂತಿ ಮರಕ್ಕೆ ಒಳ್ಳೇದಲ್ಲ.”

“ಅಯ್ಯೋ, ಅವ್ರು ಕೈಯಾರೆ ಕಟ್ಟಿದ್ದು, ಹೆಂಗ್ ಬಿಚ್ಲಿ? ಓದಿದೋರಿಗೆ ಎಲ್ಲಾದ್ರಲ್ಲೂ ರೋಗಾನೇ ಕಾಣುತ್ತೆ!” ಎಂದು ನಕ್ಕರು.

ಈಗ ತಂತಿ ಬಿಚ್ಚಿದರೂ ಮರ ಉಳಿಯುವಂತಿರಲಿಲ್ಲ. ಅದನ್ನು ಹೇಳಲು ನನ್ನಿಂದಾಗಲಿಲ್ಲ.

ಬಸ್ಸು ಸರಿಹೋಗಿ ಕಂಡಕ್ಟರ್ ಕೂಗಿದ. ಅಜ್ಜಿ ನನ್ನ ಸೆರಗಿಗೆ ಹಣ್ಣು ಸುರಿದರು.

“ಬರೋ ವರ್ಷಾನೂ ಬಾವ್ವ, ಇನ್ನೂ ಜಾಸ್ತಿ ಬಿಟ್ಟಿರುತ್ತೆ.”

“ಬರ್ತೀನಿ” ಎಂದೆ.

ರಾಜಾಜಿನಗರದವರೆಗೂ ಹಣ್ಣುಗಳನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಇಳಿಯುವ ಮುನ್ನ ಒಂದನ್ನು ಕಚ್ಚಿದೆ. ಅಷ್ಟು ಸಿಹಿಯಾದ ಸೀಬೆಯನ್ನು ನಾನು ಎಂದೂ ತಿಂದಿರಲಿಲ್ಲ.