ಕೆರೆಯೊಳಗಿನ ಸೈಟು

ಕೊಯಮತ್ತೂರಿನ ಅಂಚಿನಲ್ಲಿ ಸರ್ಕಾರದ ಸೈಟು ಹಂಚುವ ಇಲಾಖೆ ನಮ್ಮಪ್ಪನಿಗೆ ಕೊಟ್ಟ ಸೈಟು ಕೆರೆಯೊಳಗಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದ್ದಾಗ ಅಳೆದು, ನಂಬರಿನ ಕಲ್ಲು ನೆಟ್ಟು, ಸಭೆ ಮಾಡಿ ಮಂತ್ರಿಯ ಕೈಯಿಂದಲೇ ಪತ್ರ ಕೊಡಿಸಿದ್ದರು. ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆಗೆ ಕೆರೆ ತುಂಬಿತು.

"ಅದು ಕೆರೆ ಅಂತ ಎಮ್ಮೆಗೂ ಗೊತ್ತು, ಓದಿದೋರಿಗೆ ಗೊತ್ತಾಗ್ಲಿಲ್ವಾ?" ಎಂದು ಅಮ್ಮ ಸಿಡುಕಿದಳು.

ಅಪ್ಪ ಅರ್ಜಿ ಹಿಡಿದು ಇಲಾಖೆಗೆ ಹೋದಾಗಲೆಲ್ಲ ಒಬ್ಬ ಗುಮಾಸ್ತ ಇನ್ನೊಬ್ಬನ ಮೇಜು ತೋರಿಸಿದ. ಕೊನೆಗೆ ಅದೇ ಮಂತ್ರಿ ಜಾಗ ನೋಡಲು ಬರುತ್ತಾರೆಂದು ತಿಳಿಯಿತು. ಅಂದು ಬೆಳಿಗ್ಗೆ, ಮೇಷ್ಟರಾಗಿದ್ದ ಅಪ್ಪ, ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರುಗಳು, ಆಸ್ಪತ್ರೆಯ ಕಾಂಪೌಂಡರು, ಸೈಟು ಸಿಕ್ಕವರೆಲ್ಲ ಪಂಚೆ ಎತ್ತಿಕಟ್ಟಿ ನೀರಿಗಿಳಿದರು. ಕಾಲಿನಿಂದ ತಡವಿ ತಮ್ಮ ತಮ್ಮ ಕಲ್ಲು ಹುಡುಕಿ, ಅದರ ಪಕ್ಕದಲ್ಲೇ ಸೊಂಟಮಟ್ಟ ನೀರಿನಲ್ಲಿ ನಿಂತರು. ನಾನೂ ಅಮ್ಮನೂ ಏರಿಯ ಮೇಲಿದ್ದೆವು.

ಮಂತ್ರಿ ಕಾರಿನಿಂದ ಇಳಿದು ಏರಿಯ ಮೇಲೆಯೇ ನಿಂತರು. "ಅಳತೆ ಮಾಡಿದ ಆಫೀಸರಿಗೆ ವರ್ಗ ಆಗಿದೆಯಪ್ಪಾ, ನಾನೇನು ಮಾಡಲಿ?" ಎಂದು ತಮಿಳಿನಲ್ಲಿ ಕೇಳಿದರು. ತಪ್ಪೂ ಅವನ ಜೊತೆಗೇ ಗಂಟುಮೂಟೆ ಕಟ್ಟಿಕೊಂಡು ಹೋಯಿತು ಎಂಬಂತೆ! ನಮಗೆ ಪತ್ರ ಕೊಟ್ಟ ಕೈ ಅಲ್ಲೇ ಇತ್ತು, ಹೆಗಲ ಶಾಲು ಸರಿಮಾಡಿಕೊಳ್ಳುತ್ತಿತ್ತು. ನೀರಿನಲ್ಲಿದ್ದವರು ಯಾರೂ ಕದಲದ್ದನ್ನು ಕಂಡು, "ಮೇಲೆ ಬನ್ನಿ, ಶೀತ ಆಗುತ್ತೆ" ಎಂದು ಕರುಣೆ ಬೇರೆ ತೋರಿಸಿದರು.

ಮನೆಯಲ್ಲೂ ದನಿ ಎತ್ತದ ಅಪ್ಪ ನಿಂತಲ್ಲಿಂದಲೇ ಕೂಗಿ ಹೇಳಿದರು: "ನಾವು ನಮ್ಮ ಮನೇಲೇ ಇದ್ದೀವಿ ಅಯ್ಯಾ. ನೀವು ಕೊಟ್ಟ ಮನೆ. ಒಳಗೆ ಬನ್ನಿ."