ತಿರುವಿ ಹಾಕಿದ ಹ್ಯಾಂಡಲ್

ದೂರದ ದಾರಿಗೆ ಎಂಥ ಸೈಕಲ್ ಹ್ಯಾಂಡಲ್ ಒಳ್ಳೆಯದು ಎಂದು ಕೇಳಿಕೊಂಡು ಈಗಲೂ ಜನ ನನ್ನ ಬಳಿ ಬರುತ್ತಾರೆ. ನಿಜಾಮರ ಕಾಲದಲ್ಲಿ ಹುಮನಾಬಾದಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದು, ವಾರಕ್ಕೊಮ್ಮೆ ಕಲ್ಯಾಣಿ ಪಟ್ಟಣದ ದಾರಿ ಹಿಡಿದು ಮೋರಖಂಡಿಯ ಮನೆಗೆ ಸೈಕಲ್ ತುಳಿದವನು ನಾನು. ಅದಕ್ಕೇ ನನ್ನ ಮಾತಿಗೆ ಅಷ್ಟು ತೂಕ. ಎತ್ತರದ್ದು ಹಾಕಿಸಿ, ಬೆನ್ನು ನೆಟ್ಟಗಿರಲಿ, ಮಣಿಕಟ್ಟಿನ ಮೇಲೆ ಭಾರ ಬೀಳದಿರಲಿ ಎನ್ನುತ್ತೇನೆ. ನಾನು ಮಾಡಿದ್ದು ಮಾತ್ರ ಇದಕ್ಕೆ ತದ್ವಿರುದ್ಧ.

ಆಗ ಹ್ಯಾಂಡಲ್ ಬಿಚ್ಚಿ ತಲೆಕೆಳಗಾಗಿ ಬಿಗಿಸುವುದೊಂದು ಷೋಕಿ. ಹಿಡಿಗಳು ಟಗರಿನ ಕೊಂಬಿನಂತೆ ಕೆಳಗಿಳಿಯುತ್ತಿದ್ದವು. ಮನುಷ್ಯ ನೆಟ್ಟಗೆ ನಿಂತು ಕೈಗಳನ್ನು ಬಿಡಿಸಿಕೊಂಡ ಎನ್ನುತ್ತಾರೆ ತಿಳಿದವರು. ನಾನು ದುಡ್ಡು ಕೊಟ್ಟು ಮತ್ತೆ ನಾಲ್ಕು ಕಾಲಿಗಿಳಿದಿದ್ದೆ. ಅರ್ಧ ದಾರಿಗೇ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಆದರೇನು, ಎದುರಿಗೆ ಬಂದವರು ತಿರುಗಿ ನೋಡಬೇಕಲ್ಲ! ಅಕ್ಕ ಗೌರವ್ವ ಮಾತ್ರ, "ಅದನ್ನ ಮ್ಯಾಲ ಮಾಡ್ಸೋ, ಬೆನ್ನಾಗ ಡುಬ್ಬ ಬರ್ತದ ನಿನಗ" ಎಂದು ನಗುತ್ತಿದ್ದಳು.

ಆ ಅಕ್ಕನಿಗೇ ಹೆರಿಗೆಯಾದ ಐದನೆಯ ದಿನ ಜ್ವರ ಏರಿತೆಂದು ಊರಿನ ಗಾಡಿಯವರು ಅಂಗಡಿಗೆ ಸುದ್ದಿ ತಂದರು. ಡಾಕ್ಟರ ಬಳಿ ಓಡಿದೆ. ಸೀಸೆಯಲ್ಲಿ ಕೆಂಪು ಔಷಧ ಕೊಟ್ಟು, "ಸಂಜಿಯೊಳಗ ಹೊಟ್ಟ್ಯಾಗ ಹೋಗ್ಬೇಕ್ರಿ, ತಡಾ ಮಾಡಬ್ಯಾಡ್ರಿ" ಎಂದರು.

ನಮ್ಮ ಕಡೆ ಹ್ಯಾಂಡಲ್ ಎಂದರೆ ಗೋಡೆಯ ಗೂಟವಿದ್ದಂತೆ. ಚೀಲ, ತಂಬಿಗೆ, ಕಾಲು ಕಟ್ಟಿದ ಕೋಳಿ ಎಲ್ಲವನ್ನೂ ಅದಕ್ಕೇ ತೂಗುಹಾಕುತ್ತೇವೆ. ನಾನೂ ಸೀಸೆಯ ಚೀಲವನ್ನು ಅಲ್ಲಿಗೇ ಸಿಕ್ಕಿಸಿ ಹೊರಟೆ. ಹ್ಯಾಂಡಲ್ ಕೆಳಗಿಳಿದರೆ ಚೀಲವೂ ಕೆಳಗಿಳಿಯುತ್ತದೆಂದು ಹೊಳೆಯಲಿಲ್ಲ. ಮುಂದಿನ ಗಾಲಿ ದಾರಿಯುದ್ದಕ್ಕೂ ಅದರ ತಳವನ್ನು ತಿಕ್ಕುತ್ತ ಬಂತು. ಸೀಸೆ ಬಿದ್ದ ಸದ್ದು ಜಲ್ಲಿ ರಸ್ತೆಯ ಗಡಗಡದಲ್ಲಿ ಕೇಳಲಿಲ್ಲ, ಭಾರ ಕಡಿಮೆಯಾದದ್ದು ಜೋಮು ಹಿಡಿದ ಕೈಗೆ ತಿಳಿಯಲಿಲ್ಲ.

ಹೊಸ್ತಿಲಲ್ಲಿ ಅವ್ವ ಚೀಲದೊಳಗೆ ಕೈ ಹಾಕಿದಳು. ಬೆರಳುಗಳು ಕೆಳಗಿನಿಂದ ಹೊರಬಂದವು. ನೀರೂ ಕುಡಿಯದೆ ತಿರುಗಿ ಹುಮನಾಬಾದಿಗೆ ಹೋದೆ. ಮರುದಿನ ಬೆಳಿಗ್ಗೆ ಇನ್ನೊಂದು ಸೀಸೆಯನ್ನು ಎದೆಗೆ ಕಟ್ಟಿಕೊಂಡು ಬಂದಾಗ ಅಂಗಳದಲ್ಲಿ ಜನ ತಲೆ ತಗ್ಗಿಸಿ ನಿಂತಿದ್ದರು. ಅಕ್ಕ ಹೋಗಿಬಿಟ್ಟಿದ್ದಳು.

ಮೊದಲ ಸೀಸೆ ಮುಟ್ಟಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ನಾನು ಯಾವತ್ತೂ ಕೇಳಲಿಲ್ಲ. ಹೌದೆಂದರೂ ಅಲ್ಲವೆಂದರೂ ಆ ಉತ್ತರವನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ.

ಒಳಗೆ ಕೂಸು ಅಳುತ್ತಿತ್ತು. ಹೆಣದ ಕೆಲಸ ನೋಡಬೇಕಿದ್ದ ಅವ್ವ ಅದನ್ನು ತಂದು, "ಹಿಡ್ಕೋ" ಎಂದು ಮುಂದೆ ಚಾಚಿದಳು. ಆ ದಾರಿಯಲ್ಲಿ ಮೂರು ಸಲ ಹ್ಯಾಂಡಲ್ ಹಿಡಿದ ಕೈಗಳಲ್ಲಿ ಜೀವವೇ ಇರಲಿಲ್ಲ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ.

"ಕೈಯಾಗ ಬ್ಯಾಡವ್ವಾ," ಎಂದೆ, "ತೊಡಿ ಮ್ಯಾಲ ಇಡು."